ಎಡ್ನಾಳ ಗಾಜಿನ ಬಳೆಗಳು

ವಿಶಾಲಾಕ್ಷಿಯವರು ಮೈಕಿನ ಮುಂದೆ ನಿಲ್ಲುವ ಮೊದಲು ಎರಡೂ ಮುಂಗೈಗಳಿಗೆ ಹಳೆಯ ಸೀರೆಯ ಅರಿವೆಯನ್ನು ಸುತ್ತಿಕೊಳ್ಳುತ್ತಿದ್ದರು. ಕೈಯಲ್ಲಿನ ಹಸಿರು ಗಾಜಿನ ಬಳೆಗಳು ಒಂದಕ್ಕೊಂದು ತಾಗಿ ಸಪ್ಪಳ ಮಾಡಬಾರದೆಂದು ಈ ಏರ್ಪಾಡು. ಎಡಗೈಯ ಗಂಟನ್ನು ಬಲಗೈಯಿಂದ ಹಾಕಿ, ಬಲಗೈಯ ಗಂಟನ್ನು ಹಲ್ಲಿನಿಂದ ಬಿಗಿಯುತ್ತಿದ್ದರು. ಬಳೆಗಳನ್ನು ತೆಗೆದಿಟ್ಟಿದ್ದರೆ ಸುಲಭವಾಗುತ್ತಿತ್ತು. ಆದರೆ ಗಂಡ ಬದುಕಿರುವಾಗ ಮುತ್ತೈದೆ ಬರಿಗೈಯಲ್ಲಿ ನಿಲ್ಲುವುದೆಂದರೆ, ಗದಗಿನ ಕಡೆಯಿಂದ ಬಂದ ಅವರಿಗೆ ಬಾಯಲ್ಲಿ ಆಡಲೂ ಬಾರದ ಮಾತು.

ಹೈದರಾಬಾದಿನ ಲಿಂಗಂಪಲ್ಲಿ ಸ್ಟೇಷನ್ನಿನ ಹಿಂದೆ ರಾಮದಾಸರ ಮನೆ. ಅದರ ಒಳಕೋಣೆಯೇ ನಮ್ಮ ಕನ್ನಡ ಬಳಗದ ಸ್ಟುಡಿಯೊ. ದನಿ ಮಾರ್ದನಿಸದಂತೆ ಗೋಡೆಗಳಿಗೆ ಕೌದಿಗಳನ್ನು ತೂಗುಹಾಕಿದ್ದೆವು. ಆ ಕೌದಿಗಳನ್ನು ಹೊಲಿದವರೂ ವಿಶಾಲಾಕ್ಷಿಯವರೇ. ಲೋಕಲ್ ರೈಲು ಬಂದಾಗಲೆಲ್ಲ ರೆಕಾರ್ಡಿಂಗ್ ನಿಲ್ಲಿಸಿ, ಅದು ಹೋದ ಮೇಲೆ ಮತ್ತೆ ಆರಂಭಿಸಬೇಕು. ಹೀಗೆ ಸಿದ್ಧವಾದ ನಾಟಕ ರವಿವಾರ ಸಂಜೆ ಬಳಗದ ಇಂಟರ್ನೆಟ್ ರೇಡಿಯೊದಲ್ಲಿ ಬರುತ್ತಿತ್ತು. ಬರೆಯುವವರೂ ಆಡಿಸುವವರೂ ರಾಮದಾಸರು. ಮೊದಲಿಗೆ ಪಾತ್ರಧಾರಿಗಳ ಹೆಸರು ಓದುವ ಕೆಲಸ ನನ್ನದು.

ರಾಮದಾಸರು ಅಬಿಡ್ಸಿನ ಫುಟ್‌ಪಾತಿನಲ್ಲಿ ಮಾರುವ ಹಳೆಯ ಪುಸ್ತಕಗಳ ರಾಶಿಯಿಂದ ಇಂಗ್ಲಿಷ್ ಸಿನಿಮಾ ಪತ್ರಿಕೆಗಳನ್ನು ಹೊತ್ತು ತರುತ್ತಿದ್ದರು. ಅವುಗಳ ತುಂಬ ಕಪ್ಪು ಬಿಳುಪಿನ ಕಾಲದ ಹಾಲಿವುಡ್ ನಟಿಯರ ಜಗಳಗಳು. ಒಬ್ಬಳ ಪಾತ್ರವನ್ನು ಇನ್ನೊಬ್ಬಳು ಕಸಿದದ್ದು, ಒಬ್ಬಳು ಬಂದ ಔತಣಕ್ಕೆ ಇನ್ನೊಬ್ಬಳು ಬಾರದೆ ಹೋದದ್ದು. ಓದಿ ಓದಿ ಅವರು ಎಡ್ನಾ, ಐರಿಸ್ ಎಂಬ ಇಬ್ಬರು ಕಲ್ಪಿತ ನಟಿಯರನ್ನು ಸೃಷ್ಟಿಸಿ, ಅವರ ಜೀವಮಾನದ ಹಗೆಯನ್ನು ಧಾರಾವಾಹಿಯಾಗಿ ಬರೆದರು. ಐರಿಸ್ ಪಟ್ಟಣದ ಸಿರಿವಂತರ ಮಗಳು; ಆ ಪಾತ್ರ ಮೈಸೂರಿನ ಭವಾನಿಯವರಿಗೆ. ಎಡ್ನಾ ಹೊಲಗೆಲಸದವರ ಮಗಳು. ಆ ಪಾತ್ರ ವಿಶಾಲಾಕ್ಷಿಯವರಿಗೆ, ಅವರದೇ ಊರಿನ ಮಾತಿನಲ್ಲಿ.

“ಹಾಲಿವುಡ್ಡಿನಲ್ಲಿ ಗದಗಿನೋರು ಯಾವಾಗಿಂದ?” ಎಂದು ಭವಾನಿಯವರು ನಕ್ಕರು.

“ಮೈಸೂರವ್ರು ಹೋದ ಮರುದಿನಾನ ಹೋಗ್ಯಾರ್ರಿ,” ಎಂದರು ವಿಶಾಲಾಕ್ಷಿಯವರು. “ಅಲ್ಲಿ ಮಂದಿಗಿ ತಿಳಿಯೂ ಹಂಗ ಯಾರರ ಮಾತಾಡಬೇಕಲ್ಲ?”

ಈ ಇಬ್ಬರ ಮುನಿಸು ನಾಟಕಕ್ಕಿಂತ ಹಳೆಯದು. ಹಿಂದೊಮ್ಮೆ ರಾಜ್ಯೋತ್ಸವದ ನಾಟಕಕ್ಕಾಗಿ ವಿಶಾಲಾಕ್ಷಿಯವರು ನಾಯಕಿಯ ಮಾತುಗಳನ್ನೆಲ್ಲ ಬಾಯಿಪಾಠ ಮಾಡಿದ್ದರು. ನಾಯಕಿ ಹೀಗೆ ಮಾತಾಡಿದರೆ ಜನ ನಗುತ್ತಾರೆಂದು ಭವಾನಿಯವರು ಹೇಳಿದರು. ಪಾತ್ರ ಭವಾನಿಯವರ ಪಾಲಾಯಿತು. ಅಂದಿನಿಂದ ಅವರ ನಡುವೆ ಉಳಿದದ್ದು ಚುಚ್ಚುಮಾತು, ಇಲ್ಲವೇ ರಾಮದಾಸರು ಬರೆದುಕೊಟ್ಟ ಮಾತು. ನಮ್ಮಲ್ಲಿದ್ದುದು ಒಂದೇ ಮೈಕು. ಅದರ ಎರಡು ಬದಿಗೆ, ಒಬ್ಬರ ಉಸಿರು ಇನ್ನೊಬ್ಬರ ಮುಖಕ್ಕೆ ತಾಗುವಷ್ಟು ಹತ್ತಿರ ನಿಂತು ಅವರು ಜಗಳವಾಡಬೇಕಿತ್ತು. ಜಗಳ ಬಹಳ ಚೆನ್ನಾಗಿ ಬರುತ್ತಿತ್ತು.

ಈ ಜಗಳಕ್ಕೆ ತುಂಬ ಆಸೆಯಿಂದ ಕಾಯುತ್ತಿದ್ದವರು ವಿಶಾಲಾಕ್ಷಿಯವರ ಪತಿ ಗುರುಸಿದ್ದಪ್ಪನವರು. ರಕ್ಷಣಾ ಇಲಾಖೆಯ ಕಾರ್ಖಾನೆಯೊಂದರಲ್ಲಿ ಲೇತ್ ಯಂತ್ರದ ಮುಂದೆ ಆಯುಷ್ಯ ಕಳೆದು ನಿವೃತ್ತರಾದವರು. ಶ್ವಾಸಕೋಶ ಕೆಟ್ಟು, ಮೂಗಿಗೆ ಆಮ್ಲಜನಕದ ಕೊಳವೆ ಹಾಕಿಕೊಂಡು ಮಂಚ ಹಿಡಿದಿದ್ದರು. ಆಮ್ಲಜನಕದ ಯಂತ್ರದ ಗುಂಯ್ ಎಂಬ ಸದ್ದಿನಲ್ಲಿ ನಾಟಕ ಕೇಳಿಸದೆಂದು ಫೋನನ್ನು ಕಿವಿಗೆ ಒತ್ತಿ ಹಿಡಿಯುತ್ತಿದ್ದರು. ನಾನು ನೋಡಲು ಹೋದಾಗಲೆಲ್ಲ ಆ ಮನೆಯಲ್ಲಿ ಒಂದೇ ವಾದ.

“ನಿನ್ನಕಿಂತ ಆ ಮೈಸೂರಾಕಿ ಛಲೋ ಬೈತಾಳ ನೋಡು. ಬೈದರ ಆರತಿ ಎತ್ತಿದಂಗ ಇರ್ತೈತಿ.”

“ಹಂಗಾರ ಆಕಿ ಕೈಲೇ ಅನ್ನಾ ಹಾಕಿಸ್ಕೋರಿ.”

“ಒಲ್ಲೆವಾ. ಆಕಿ ಸಾರಿಗೆ ಬೆಲ್ಲ ಹಾಕ್ತಾಳ.” ಹೀಗೆನ್ನುವಷ್ಟರಲ್ಲಿ ಅವರಿಗೆ ಏದುಸಿರು ಬರುತ್ತಿತ್ತು. ಸುಧಾರಿಸಿಕೊಂಡು ಮತ್ತೆ ಕೇಳುತ್ತಿದ್ದರು: “ಕಡೀಕ ಯಾರು ಗೆಲ್ತಾರ? ಅದೊಂದು ಹೇಳಿಬಿಡು.”

“ಕಡೀ ಕಂತು ಬರ್ತೈತಲ್ಲ, ಕೇಳ್ರಿ.”

“ಅಲ್ಲೀತನಕಾ ನಾ ಇರಬೇಕಲ್ಲ?”

“ಇರ್ರಿ. ನೀವು ಇರ್ಲಿ ಅಂತನ ಹೇಳಂಗಿಲ್ಲ.”

ನನ್ನನ್ನು ಬಾಗಿಲ ತನಕ ಕಳಿಸಲು ಬಂದಾಗ ವಿಶಾಲಾಕ್ಷಿಯವರು ದನಿ ತಗ್ಗಿಸಿ, “ನೀವೂ ಹೇಳಬ್ಯಾಡ್ರಿ ಸರ,” ಎಂದರು. “ಡಾಕ್ಟರ್ ಕೈ ಬಿಟ್ಟಾರ. ಈಗ ಅವರು ಆ ಒಂದು ಮಾತಿನ ಸಲುವಾಗಿ ರವಿವಾರದಿಂದ ರವಿವಾರಕ್ಕ ದಾಟಾಕತ್ತಾರ. ಹೇಳಿಬಿಟ್ರ ಏನು ಉಳೀತೈತಿ?”

ಹೇಳುವಂತಹ ಗೆಲುವೂ ಆ ನಾಟಕದಲ್ಲಿ ಇರಲಿಲ್ಲ. ಕೊನೆಯ ದೃಶ್ಯದಲ್ಲಿ ಮುದುಕಿಯರಾದ ಎಡ್ನಾ, ಐರಿಸ್ ಇಬ್ಬರೂ ಮುಚ್ಚಿದ ಸ್ಟುಡಿಯೊದಲ್ಲಿ ಆಕಸ್ಮಿಕವಾಗಿ ಎದುರಾಗುತ್ತಾರೆ. ಯಾರ ಹೆಸರು ದೊಡ್ಡದಾಗಿತ್ತೆಂದು ಕೂಗಾಡುತ್ತಾರೆ. ಗದ್ದಲ ಕೇಳಿ ಬಂದ ಕಾವಲುಗಾರ ಇಬ್ಬರಲ್ಲಿ ಒಬ್ಬರನ್ನೂ ಗುರುತಿಸದೆ ಹೊರಗೆ ಕಳಿಸಿ ಬೀಗ ಹಾಕುತ್ತಾನೆ. ಅಷ್ಟೇ.

ಆ ದೃಶ್ಯದ ರೆಕಾರ್ಡಿಂಗಿಗೆ ವಿಶಾಲಾಕ್ಷಿಯವರು ನೇರವಾಗಿ ಆಸ್ಪತ್ರೆಯಿಂದ ಆಟೊದಲ್ಲಿ ಬಂದರು. ಹಿಂದಿನ ದಿನ ಗುರುಸಿದ್ದಪ್ಪನವರನ್ನು ಸೇರಿಸಿದ್ದರು. ಹಾಸಿಗೆಯ ಬಳಿ ಮಗಳು ಸಂಯುಕ್ತಾ ಇದ್ದಳು. ವಿಶಾಲಾಕ್ಷಿಯವರು ನೀರನ್ನೂ ಕುಡಿಯದೆ ಮೈಕಿನ ಮುಂದೆ ನಿಂತರು. ಕೈಗೆ ಅರಿವೆ ಕಟ್ಟಿಲ್ಲವೆಂಬುದು ಅವರಿಗೂ ಹೊಳೆಯಲಿಲ್ಲ, ನಮಗೂ ಹೊಳೆಯಲಿಲ್ಲ.

ಅಂದು ಅವರು ಆಡಿದಂತೆ ಬೇರೆಂದೂ ಆಡಿದ್ದನ್ನು ನಾನು ಕೇಳಿಲ್ಲ. “ನನ್ನ ಮಾರಿ ನೋಡಾಕ ಮಂದಿ ಮಳ್ಯಾಗ ನಿಂತಿದ್ರು ಐರಿಸ್! ಆ ಮಂದಿ ಎಲ್ಲಿ ಹೋದ್ರು? ಯಾರು ಒಯ್ದ್ರು?” ಎಂದಾಗ ಕೌದಿಗಳ ನಡುವಿನ ಆ ಸಣ್ಣ ಕೋಣೆ ನಿಜವಾಗಿಯೂ ಹಾಳು ಬಿದ್ದ ದೊಡ್ಡ ಕಟ್ಟಡದಂತೆ ತೋರಿತು. ಮಾತಿನ ರಭಸಕ್ಕೆ ಅವರ ಎಡಗೈ ಮೇಲೆದ್ದಿತು. ಬಳೆಗಳು ಝಲ್ಲೆಂದವು.

ಮುಂದುವರಿಸಿರೆಂದು ರಾಮದಾಸರು ಕೈಸನ್ನೆ ಮಾಡಿದರು. ಭವಾನಿಯವರು ತಮ್ಮ ಮಾತನ್ನು ಹೇಳಲಿಲ್ಲ.

“ಬಳೆ ಸದ್ದು ಬಂತು,” ಎಂದರು. “ಹಾಲಿವುಡ್ ನಟಿ ಕೈಯಲ್ಲಿ ಗಾಜಿನ ಬಳೆ ಎಲ್ಲಿಂದ ಬಂತು ಅಂತಾರೆ ಜನ. ಮತ್ತೆ ಮಾಡೋಣ.”

“ಹಂಗ ಇರಲಿರಿ. ಇವತ್ತ ಮುಗಸೋಣು. ಈ ರವಿವಾರ ಬರಬೇಕದು.”

“ಕೆಟ್ಟದ್ದನ್ನ ಹಾಗೇ ಬಿಡೋಕಾಗತ್ತಾ ವಿಶಾಲಾಕ್ಷಿಯವ್ರೇ?”

ಮಾತಿನ ಮೇಲೆಯೇ ಬಿದ್ದ ಸದ್ದನ್ನು ಕತ್ತರಿಸಿ ತೆಗೆಯಲು ಬರುವುದಿಲ್ಲವೆಂದು ರಾಮದಾಸರೂ ಒಪ್ಪಿದರು. ವಿಶಾಲಾಕ್ಷಿಯವರು ಸೆರಗಿನಿಂದಲೇ ಕೈ ಸುತ್ತಿಕೊಂಡು ಮತ್ತೆ ನಿಂತರು. ಆದರೆ ಮೊದಲ ಸಾಲಿನಲ್ಲೇ ಮಾತು ತಪ್ಪಿತು. ಅಷ್ಟರಲ್ಲಿ ಸಂಯುಕ್ತಾಳ ಫೋನು ಬಂದು, ಅವರು ಆಸ್ಪತ್ರೆಗೆ ಓಡಿದರು. ಕೊನೆಯ ಕಂತನ್ನು ಒಂದು ವಾರ ಮುಂದಕ್ಕೆ ಹಾಕಿದೆವು.

ಆ ವಾರ ಕಳೆಯುವ ಮುನ್ನವೇ ಗುರುಸಿದ್ದಪ್ಪನವರು ತೀರಿಕೊಂಡರು.

ಊರಿನಿಂದ ಅವರ ಅಕ್ಕಂದಿರು ಬಂದರು. ಅಮೀರ್‌ಪೇಟೆಯ ತರಬೇತಿ ಕೇಂದ್ರದಲ್ಲಿ ಪಾಠ ಹೇಳುವ ಸಂಯುಕ್ತಾ ಗಟ್ಟಿ ಹುಡುಗಿ. ತಾಯಿಯ ಮುಂದೆ ಅಡ್ಡ ನಿಂತು, “ಅವ್ವನ ಕೈ ಮುಟ್ಟಬ್ಯಾಡ್ರಿ ಅತ್ತಿ, ಈಗ ಯಾರೂ ಹಿಂಗ ಮಾಡಂಗಿಲ್ಲ,” ಎಂದು ಅತ್ತಳು. ವಿಶಾಲಾಕ್ಷಿಯವರು, “ಸುಮ್ಮನಿರವಾ, ನನಗ ಜಗಳಾಡಾಕ ಶಕ್ತಿ ಇಲ್ಲ,” ಎಂದು ತಾವೇ ಕೈ ಚಾಚಿದರು. ಬಳೆಗಳು ಒಡೆಯುವ ಸದ್ದು ಅಂಗಳದಲ್ಲಿ ನಿಂತಿದ್ದ ನಮಗೆಲ್ಲ ಕೇಳಿಸಿತು. ಭವಾನಿಯವರೂ ನಮ್ಮ ನಡುವೆ ಇದ್ದರು. ಅವರು ಆಗಲೇ ಮನೆಗೆ ಹೊರಟುಹೋದರು.

ಧಾರಾವಾಹಿಯನ್ನು ಅಲ್ಲಿಗೇ ನಿಲ್ಲಿಸಬೇಕೆಂದು ರಾಮದಾಸರು ನಿಶ್ಚಯಿಸಿದ್ದರು. ಕೆಲವು ವಾರಗಳ ಮೇಲೆ ವಿಶಾಲಾಕ್ಷಿಯವರೇ ಫೋನು ಮಾಡಿ, ಉಳಿದದ್ದನ್ನು ಮುಗಿಸಲು ಬರುತ್ತೇನೆಂದರು. ಬಂದವರು ಮೈಕಿನ ಮುಂದೆ ನಿಂತು, ರೂಢಿಯಂತೆ ಅರಿವೆಗಾಗಿ ಚೀಲಕ್ಕೆ ಕೈ ಹಾಕಿದರು. ಆ ಕೈಯನ್ನು ಹಾಗೆಯೇ ಹಿಂದಕ್ಕೆ ತೆಗೆದರು.

“ಇನ್ನ ಅಡ್ಡಿಯಿಲ್ಲ. ಸಪ್ಪಳ ಬರಂಗಿಲ್ಲ,” ಎಂದರು.

ಎದುರಿಗಿದ್ದ ಭವಾನಿಯವರು ಕಾಗದದ ಮೇಲಿನಿಂದ ಕಣ್ಣೆತ್ತಲಿಲ್ಲ.

ದೃಶ್ಯವನ್ನು ಮೊದಲಿನಿಂದ ತೆಗೆದುಕೊಂಡೆವು. ಮಾತುಗಳೆಲ್ಲ ಸರಿಯಾಗಿಯೇ ಬಂದವು. ಸದ್ದು ಗದ್ದಲ ಯಾವುದೂ ಇಲ್ಲ. ಆದರೆ ಎಡ್ನಾ ಇರಲಿಲ್ಲ. ಯಾರೋ ಪತ್ರಿಕೆ ಓದಿದಂತಿತ್ತು. ಅರ್ಧಕ್ಕೇ ನಿಲ್ಲಿಸಿದ ರಾಮದಾಸರು ಹಳೆಯ ರೆಕಾರ್ಡಿಂಗನ್ನು ಹಾಕಿದರು. “ಆ ಮಂದಿ ಎಲ್ಲಿ ಹೋದ್ರು? ಯಾರು ಒಯ್ದ್ರು?” ಹಿಂದೆಯೇ ಬಳೆಗಳ ಝಲ್ಲೆಂಬ ಸದ್ದು. ವಿಶಾಲಾಕ್ಷಿಯವರು ತಮ್ಮ ಎಡಗೈಯನ್ನು ನೋಡಿಕೊಂಡರು.

“ಇದನ್ನ ಇಡ್ರಿ,” ಎಂದರು. “ನನ್ನ ಕಡಿಂದ ಮತ್ತ ಹಿಂಗ ಆಗೂದಿಲ್ಲ.”

“ಇಡಬಹುದು,” ಎಂದು ರಾಮದಾಸರು ತಡವರಿಸಿದರು. “ಆದರೆ ಮುಂದಿನ ಅರ್ಧ ಈಗ ಮಾಡಬೇಕು. ಅಲ್ಲಿಯ ತನಕ ಬಳೆ ಇದ್ದು, ಆಮೇಲೆ ಇಲ್ಲವಾದರೆ, ಕೇಳುವವರಿಗೆ ಬೇರೆ ಯಾರೋ ಬಂದು ನಿಂತಂತೆ ಆಗುತ್ತದೆ.”

ಭವಾನಿಯವರು ಕಾಗದವನ್ನು ಮೇಜಿನ ಮೇಲಿಟ್ಟು ಹೊರಗೆ ಹೊರಟುಹೋದರು. ಬೇಸರವಾಗಿ ಮನೆಗೆ ಹೋದರೆಂದೇ ನಾವು ತಿಳಿದೆವು. ಒಂದು ರೈಲು ಬಂದು ಹೋಗುವಷ್ಟರಲ್ಲಿ ಮರಳಿ ಬಂದರು. ಯಾವಾಗಲೂ ತೆಳ್ಳಗಿನ ಒಂದು ಚಿನ್ನದ ಬಳೆ ಇರುತ್ತಿದ್ದ ಅವರ ಎಡಗೈ ತುಂಬ ಹಸಿರು ಗಾಜಿನ ಬಳೆಗಳು. ಸ್ಟೇಷನ್ ರಸ್ತೆಯ ಅಂಗಡಿಯವನು ಅವಸರದಲ್ಲಿ ಬಿಗಿಯಾದ ಅಳತೆಯನ್ನೇ ತೊಡಿಸಿದ್ದನು, ಮುಂಗೈ ಕೆಂಪಾಗಿತ್ತು.

“ನೀವು ಮಾತಾಡಿ,” ಎಂದರು ವಿಶಾಲಾಕ್ಷಿಯವರಿಗೆ. “ಸದ್ದು ನಾನು ಮಾಡ್ತೀನಿ.”

“ಹಾಲಿವುಡ್ ನಟಿಯ ಕೈಯಲ್ಲಿ...” ಎಂದು ರಾಮದಾಸರು ಬಾಯಿ ತೆರೆದರು.

“ಇರತ್ತೆ ರಾಮದಾಸ್ರೇ. ಇಲ್ಲ ಅಂದೋರ್ನ ನನ್ನ ಹತ್ರ ಕಳಿಸಿ.”

ವಿಶಾಲಾಕ್ಷಿಯವರು ಬಹಳ ಹೊತ್ತು ಆ ಕೈಯನ್ನೇ ನೋಡಿದರು. ಹೊರಟುಹೋಗಿಬಿಡುವರೋ ಎಂದು ನನಗೆ ಭಯವಾಯಿತು. ಭವಾನಿಯವರು ಒಮ್ಮೆ ಕೈ ಅಲುಗಿಸಿದರು.

“ಹಂಗಲ್ರಿ,” ಎಂದರು ವಿಶಾಲಾಕ್ಷಿಯವರು. “ಅದು ಮದುವ್ಯಾಗ ಊಟಕ್ಕ ಕರದಂಗಾತು. ಸಿಟ್ಟು ಬಂದಾಗ ಕೈ ಒಮ್ಮೆಲೇ ಮ್ಯಾಲ ಹೋಗ್ತೈತಿ, ಇಳಿಯೂದು ಸಾವಕಾಶ. ಹೂಂ... ಹಂಗ.”

ಹೀಗೆ ಉಳಿದ ಅರ್ಧವನ್ನು ರೆಕಾರ್ಡ್ ಮಾಡಿದೆವು. ಎಡ್ನಾಳ ಮಾತು ಒಬ್ಬರದು, ಎಡ್ನಾಳ ಕೈ ಇನ್ನೊಬ್ಬರದು. ಐರಿಸಳ ಮಾತುಗಳನ್ನು ಹೇಳುವಾಗ ಭವಾನಿಯವರು ಎಡಗೈಯನ್ನು ಬೆನ್ನ ಹಿಂದೆ, ಕೌದಿಗೆ ಒತ್ತಿ ಹಿಡಿದಿದ್ದರು. ಕಾವಲುಗಾರ ಇಬ್ಬರನ್ನೂ ಹೊರಗೆ ಕಳಿಸಿದನು. ದೃಶ್ಯ ಮುಗಿಯಿತು.

ಮುಗಿದೊಡನೆ ಭವಾನಿಯವರು ಬಳೆಗಳನ್ನು ಕಿತ್ತು ತೆಗೆಯತೊಡಗಿದರು. ಆ ಸದ್ದನ್ನು ವಿಶಾಲಾಕ್ಷಿಯವರ ಮುಂದೆ ಇನ್ನೊಂದು ಗಳಿಗೆಯೂ ಮಾಡಲು ಅವರಿಗೆ ಮನಸ್ಸಿರಲಿಲ್ಲ. ಬಿಗಿಯಾದ ಬಳೆಗಳು ಕದಲಲಿಲ್ಲ. ಒಡೆಯುವುದೇ ಸರಿಯೆಂದು ಮೇಜಿನ ಅಂಚಿನತ್ತ ಕೈ ಒಯ್ದರು.

“ಒಡೀಬ್ಯಾಡ್ರಿ!”

ಮೈಕಿನ ಮುಂದೆಯೂ ವಿಶಾಲಾಕ್ಷಿಯವರು ಅಷ್ಟು ಗಟ್ಟಿಯಾಗಿ ಕೂಗಿದ್ದಿಲ್ಲ. ಭವಾನಿಯವರ ಕೈ ಹಿಡಿದು ಹಿತ್ತಿಲ ನಲ್ಲಿಯ ಬಳಿಗೆ ಕರೆದೊಯ್ದು, ಮುಂಗೈಗೆ ಸಾಬೂನು ಹಚ್ಚಿದರು. ಕಿಟಕಿಯ ಈಚೆ ವೈರುಗಳನ್ನು ಸುತ್ತುತ್ತಿದ್ದ ನಮಗೆ ಅವರ ಮಾತು ಕೇಳಿಸುತ್ತಿತ್ತು.

“ನಮ್ಮನಿಯವರಿಗೆ ಕಡೀದಿನ ನೀವ ಗೆದ್ರಿ ಅಂತ ಹೇಳಿದೆ.”

“ಅಯ್ಯೋ, ಯಾಕೆ ಹಾಗೆ ಹೇಳಿದ್ರಿ?”

“ಅವರು ನಿಮ್ಮ ಪಾರ್ಟಿ ಅಲ್ಲೇನ್ರಿ? ಖುಷಿ ಆಗಲೆಂತ ಹೇಳಿದೆ. ಮಾರಿ ಮ್ಯಾಲ ಮಾಸ್ಕ್ ಇತ್ತು. ಕೇಳಿಸ್ತೋ ಇಲ್ಲೋ, ನಕ್ಕರೋ ಇಲ್ಲೋ, ಗೊತ್ತಾಗಲಿಲ್ಲ.”

ಭವಾನಿಯವರು, “ಆ ದಿನ ನಾನು ಸುಮ್ಮನೆ ನನ್ನ ಮಾತು ಹೇಳಿಬಿಟ್ಟಿದ್ರೆ...” ಎಂದು ಮೊದಲುಮಾಡಿದರು.

“ಕೈ ಸಡ್ಲ ಬಿಡ್ರಿ,” ಎಂದರು ವಿಶಾಲಾಕ್ಷಿಯವರು. “ಬಿಗಿ ಹಿಡದ್ರ ಬರಂಗಿಲ್ಲ.”

ವಿಶಾಲಾಕ್ಷಿಯವರು ಬಳೆಗಳನ್ನು ಒಂದೊಂದಾಗಿ ಜಾರಿಸಿ, ನೀರಿನಲ್ಲಿ ತೊಳೆದು, ಕಲ್ಲಿನ ಮೇಲೆ ಸಾಲಾಗಿ ಇಟ್ಟರು. ಒಂದೂ ಒಡೆಯಲಿಲ್ಲ.