ಕ್ಯಾತಮ್ಮನ ಕುರಿ ಹತ್ತದ ಸೇತುವೆ

ಕ್ಯಾತಮ್ಮನಿಗೆ ತನ್ನ ಕುರಿ ಎಷ್ಟೆಂದು ಗೊತ್ತಿಲ್ಲ. ಸಂಜೆ ರೊಪ್ಪದ ಬಾಗಿಲಲ್ಲಿ ನಿಂತು, ಒಳಗೆ ಹೋಗುವ ಒಂದೊಂದರ ಮುಖ ನೋಡುತ್ತಾಳೆ. ಯಾವುದು ತಪ್ಪಿದರೂ ತಿಳಿಯುತ್ತದೆ. ಎಣಿಸಿದರೆ ದೇವರು ಕೊಟ್ಟದ್ದನ್ನು ಅಳೆದಂತೆ, ಮಂದೆ ಕರಗುತ್ತದೆ ಎಂದು ಅತ್ತೆ ಹೇಳಿಕೊಟ್ಟಿದ್ದಳು. ಅರವತ್ತು ದಾಟಿದರೂ ಆ ಮಾತು ಮೀರಿರಲಿಲ್ಲ.

ಹುಲಿಕುಂಟೆ ಕಡೆಯಿಂದ ಮದುವೆಯಾಗಿ ಬಂದದ್ದು ಸಿರಾ ಬಳಿಯ ಈ ಹಟ್ಟಿಗೆ. ಹಟ್ಟಿ ಈಚೆ, ಮೇವಿರುವ ಕೆರೆಯಂಗಳ ಆಚೆ, ನಡುವೆ ಹೆದ್ದಾರಿ. ಮೂರು ವರ್ಷದ ಹಿಂದೆ ಡಿವೈಡರ್ ಸಂದಿಯಲ್ಲಿ ಮಂದೆ ದಾಟಿಸುವಾಗ ಗಂಡ ಬೋರಣ್ಣ ಲಾರಿಗೆ ಸಿಕ್ಕಿ ಕಾಲು ಕಳೆದುಕೊಂಡ. ಊರವರು ಅರ್ಜಿ ಕೊಟ್ಟರು. ನಡೆದು ಹೋಗುವವರಿಗೂ ಸೈಕಲ್ಲಿನವರಿಗೂ ಸೇತುವೆ ಮಂಜೂರಾಯಿತು.

ದಾಟುವ ಆಳು, ಸೈಕಲ್ಲು, ಕುರಿಗಳನ್ನೆಲ್ಲ ಎಣಿಸಲು ಇಲಾಖೆಯ ಇಬ್ಬರು ಬಂದು ಮೂರು ದಿನ ಹೊಂಗೆ ಮರದಡಿ ಕುಳಿತರು. ಸುದ್ದಿ ಕೇಳಿದ ಕ್ಯಾತಮ್ಮ ಮೂರು ದಿನವೂ ಕುರಿ ಹೊರಗೆ ಬಿಡಲಿಲ್ಲ. ಸೊಪ್ಪು ತಂದು ರೊಪ್ಪದಲ್ಲೇ ಹಾಕಿದಳು. ಪಕ್ಕದ ಮಂದೆಯವರಿಗೂ ಹಾಗೇ ಹೇಳಿದಳು. ಆಳು, ಸೈಕಲ್ಲು ಪುಸ್ತಕಕ್ಕೆ ಬಂದವು. ಕುರಿ ಒಂದೂ ಬರಲಿಲ್ಲ.

ಸೇತುವೆ ಮುಗಿಯಿತು. ರಸ್ತೆಯ ಮೇಲಿನ ಭಾಗಕ್ಕೆ ಕಬ್ಬಿಣದ ಜಾಲರಿ ಹಾಸಿದ್ದರು. ಡಿವೈಡರ್ ಸಂದಿಗೆ ಬೇಲಿ ಬಿತ್ತು. ಮೊದಲ ದಿನ ಮುಂದೆ ನಡೆಯುತ್ತಿದ್ದ ಟಗರು ಜಾಲರಿಯ ಮೇಲೆ ಕಾಲಿಟ್ಟಿತು. ಕೆಳಗೆ ಲಾರಿ ಓಡುವುದು ಕಂಡು ಹಿಂದಕ್ಕೆ ಹಾರಿತು. ಹಿಂದಿನವು ಒಂದರ ಮೇಲೊಂದು ಬಿದ್ದವು. ಆಮೇಲೆ ಯಾವುದೂ ಹತ್ತಲಿಲ್ಲ; ಈಚೆಯ ಬದುಗಳ ಒಣ ಹುಲ್ಲೇ ಗತಿಯಾಯಿತು.

"ಮಾರ್ಬುಡಾನ ಕಣೆ," ಅಂದ ಬೋರಣ್ಣ. "ಹೊತ್ಕೊಂಡು ದಾಟ್ಸಕ್ಕೆ ನಂಗೆ ಕಾಲಿಲ್ಲ."

ಸೇತುವೆ ನೋಡಲು ಬಂದ ಇಂಜಿನಿಯರ್ ಭುವನಾಳನ್ನು ಕ್ಯಾತಮ್ಮ ಹಟ್ಟಿಗೆ ಕರೆತಂದಳು.

"ಇಲ್ಲಿ ಕುರಿ ದಾಟೋದೇ ಇಲ್ಲ ಅಂತ ಪುಸ್ತಕದಲ್ಲಿ ಬರ್ದಿದೆ ಅಜ್ಜಿ."

"ಬಚ್ಚಿಟ್ಟೋಳು ಇವ್ಳೇ ಕಣಮ್ಮ," ಬೋರಣ್ಣ ನಕ್ಕ. "ನಾನು ಹೆಣ್ಣು ನೋಡಕ್ಕೆ ಹೋದಾಗ್ಲೂ ಇಂಗೇ ರಾಗಿ ತುಂಬೋ ವಾಡೆ ಹಿಂದೆ ಬಚ್ಚಿಟ್ಕೊಂಡಿದ್ಲು."

"ಅಲ್ಲೇ ಇದ್ಬುಟ್ಟಿದ್ರೆ ಚೆನ್ನಾಗಿತ್ತು, ಸುಮ್ಕಿರು!"

ಭುವನಾ ಹೇಳಿದಳು: "ಜಾಲರಿ ಮುಚ್ಚಿಸೋಕೆ ಬರೀತೀನಿ. ಆದ್ರೆ ಸೇತುವೆ ಭಾರ ತಡೀಬೇಕಲ್ಲ, ಎಷ್ಟು ಕುರಿ ಅಂತ ಹೇಳ್ಲೇಬೇಕು."

ಮಾರನೆಯ ಬೆಳಿಗ್ಗೆ ಕ್ಯಾತಮ್ಮ ಗುಡಿಯ ಮುಂದೆ ಬಹಳ ಹೊತ್ತು ನಿಂತಿದ್ದಳು. ಆಮೇಲೆ, ಮತ್ತೆ ಬಂದ ಭುವನಾಳ ಎದುರು ರೊಪ್ಪದ ಬಾಗಿಲು ತೆರೆದು, ಗೋಡೆಗೆ ಮುಖ ಮಾಡಿ, ಸೆರಗಿನಿಂದ ಕಿವಿ ಮುಚ್ಚಿಕೊಂಡಳು.

"ಎಣಿಸ್ಕೊ ತಾಯಿ. ಎಷ್ಟು ಅಂತ ನನ್ ಮುಂದೆ ಮಾತ್ರ ಅನ್ಬ್ಯಾಡ."

ಭುವನಾಳ ಕಾಗದ ಮೇಲಿನವರಿಗೆ ಹೋಗಿ ಒಂದು ತಿಂಗಳಾಯಿತು, ಉತ್ತರ ಬಂದಿಲ್ಲ. ಬರುವವರೆಗೆ ಕುರಿ ಮಾರುವುದಿಲ್ಲವೆಂದು ಬೋರಣ್ಣ ಒಪ್ಪಿದ್ದಾನೆ. ಕಳೆದ ವಾರ ಒಂದು ಮರಿ ಸತ್ತಿತು. ಹೊಟ್ಟೆಯುಬ್ಬರ ಎಂದರು ಪಶುವೈದ್ಯರು. ಕ್ಯಾತಮ್ಮ ತಲೆಯಾಡಿಸಿದಳು. ಆ ಸಂಜೆ ರೊಪ್ಪದ ಬಾಗಿಲಲ್ಲಿ ನಿಂತು ಒಂದೊಂದರ ಮುಖವನ್ನೂ ಎರಡೆರಡು ಸಲ ನೋಡಿದಳು.