ಬೇಕಾದವರ ಹೆಸರು

ಅಮೆರಿಕದ ಬಫಲೋ ಊರಿನ ಕ್ಷೌರಿಕ ಕ್ಯಾಸಿಮಿರನಿಗೆ ಏಪ್ರಿಲ್ ಬಂತೆಂದರೆ ಎದೆ ಡವಡವ. ಆ ತಿಂಗಳ ಆಯ್ಕೆಯಲ್ಲಿ ಊರಿನ ಫುಟ್‌ಬಾಲ್ ತಂಡ ಯಾವ ಹೊಸ ಹುಡುಗರನ್ನು ಆರಿಸೀತೆಂದು ಊಹಿಸಿ, ಪಟ್ಟಿ ಬರೆದು ಅಂಗಡಿಯ ಕನ್ನಡಿಗೆ ಅಂಟಿಸುತ್ತಾನೆ. ಆದರೆ ತನಗೆ ಬೇಕಾದವನ ಹೆಸರನ್ನು ಮಾತ್ರ ಜಪ್ಪಯ್ಯ ಅಂದರೂ ಬರೆಯುವುದಿಲ್ಲ. ಬರೆದರೆ ಆ ಹುಡುಗನ ಮಂಡಿ ಮುರಿಯುತ್ತದೆಂಬ ಭಯ. "ನೀನು ಮೆಚ್ಚಿದ ಆಟಗಾರನ ಹೆಸ್ರೇ ಇಲ್ವಲ್ಲೋ!" ಎಂದು ಗಿರಾಕಿಗಳು ಕೆಣಕಿದರೆ, "ಮೆಲ್ಲಗೆ ಕಣ್ರೋ, ಮೇಲಿರೋನಿಗೆ ಕೇಳ್ಸುತ್ತೆ!" ಎಂದು ಕತ್ತರಿ ನಿಲ್ಲಿಸಿ ಸೂರು ನೋಡುತ್ತಾನೆ. ಗೆಲ್ಲುತ್ತಿರುವ ಪಂದ್ಯದಲ್ಲೂ "ಸೋತ್ವಿ, ಸೋತ್ವಿ" ಎಂದೇ ಗೊಣಗುತ್ತಾನೆ. ಈ ಸಲ ಆಯ್ಕೆಯ ದಿನವೇ ಹೆಂಡತಿ ಲೊರೇನ್‌ಗೆ ಹೃದಯದ ಶಸ್ತ್ರಚಿಕಿತ್ಸೆ. ಒಳಗೆ ಕರೆದೊಯ್ಯುವಾಗ ಅವಳು, "ವಾಪಸ್ ಬರ್ತೀನಿ ತಾನೆ, ಕ್ಯಾಸ್?" ಎಂದಳು. "ಎಲ್ಲಿ ಬರ್ತೀಯ? ಸಾಧ್ಯಾನೇ ಇಲ್ಲ," ಎಂದ. ದಾದಿ ಬೆಚ್ಚಿಬಿದ್ದಳು. ಅವನ ಕೈ ಸವರಿ ಲೊರೇನ್ ಮಾತ್ರ ನಕ್ಕಳು: "ಹಾಗಾದ್ರೆ ಸರಿ ಬಿಡು."