ಮಾವನ ಜೊತೆ ಬಂದ ಮುರುಕು ಪೆಟ್ಟಿಗೆ

ಮಾವನ ಮನೆಯ ಸೋಫಾದ ಮೇಲೆ ನಾನು ಕೂತದ್ದೇ ತಡ, ‘ಚಟ್’ ಎಂದಿತು. ನನ್ನ ಸೊಂಟವೇ ಇರಬೇಕೆಂದು ಗಾಬರಿಯಾದೆ. ವಯಸ್ಸೂ ಅಂಥದ್ದು, ತೂಕವೂ ಅಂಥದ್ದು. ಎದ್ದು ನೋಡಿದರೆ ಟವೆಲ್ಲಿನ ಕೆಳಗೆ ಮಾವನ ಹಳೆಯ ಗೇಮ್ ಕನ್ಸೋಲ್. ಡಿಸ್ಕ್ ಮುಚ್ಚಳ ಎರಡು ಹೋಳು, ಲೆನ್ಸ್ ಚೂರು ಚೂರು.

“ಮೂಳೆ ಆಗಿದ್ದಿದ್ರೆ ಕೂಡ್ಕೊಳ್ತಿತ್ತು,” ಎಂದರು ಮಾವ.

ಮಾವ ಎಂದರೆ ನನ್ನ ಅಮ್ಮನ ತಮ್ಮ. ರೈಲಿನಲ್ಲಿ ಟಿಕೆಟ್ ತಪಾಸಣೆ ಮಾಡುತ್ತಿದ್ದವರು. ನಿವೃತ್ತಿಯಾದದ್ದು ಅವರ ಕೋಟು ಮಾತ್ರ. ಇವತ್ತಿಗೂ ಲಿಫ್ಟಿನಲ್ಲಿ ಅವರು ಒಮ್ಮೆ ನೋಡಿದರೆ ಜನ ಸುಮ್ಮನೆ ಜೇಬು ತಡಕಿಕೊಳ್ಳುತ್ತಾರೆ. ಅವರಿಗೆ ಉಳಿದಿದ್ದ ಹಂಬಲ ಒಂದೇ: ಆ ಕನ್ಸೋಲಿನ ಕಾರ್ ರೇಸಿನಲ್ಲಿ ಅಕ್ಕನನ್ನು, ಅಂದರೆ ನನ್ನ ಅಮ್ಮನನ್ನು, ಒಮ್ಮೆಯಾದರೂ ಸೋಲಿಸುವುದು. ಪ್ರತಿ ಸಲವೂ ಗೆದ್ದು, ನೆಂಟರಿಗೆಲ್ಲ ಫೋನಿನಲ್ಲಿ ಡಂಗುರ ಸಾರುವುದು ಅಮ್ಮನ ಅಭ್ಯಾಸ. ಭಾನುವಾರ ಮತ್ತೆ ಪಂದ್ಯವಿತ್ತು.

“ಕಂಪ್ಯೂಟರಲ್ಲೇ ಆಡಬಹುದು ಮಾವ. ಎಮ್ಯುಲೇಟರ್ ಅಂತ ಇದೆ, ಕನ್ಸೋಲಿನ ವೇಷ ಹಾಕುತ್ತೆ. ಡಿಸ್ಕ್ ನಿಮ್ಮದೇ. ಕನ್ಸೋಲ್ ಒಳಗಿದ್ದು ಅದನ್ನ ನಡೆಸೋ ಫರ್ಮ್‌ವೇರ್ ಅನ್ನೋ ಫೈಲ್ ಒಂದು ಬೇಕು, ಅಷ್ಟೇ. ನೆಟ್ಟಲ್ಲಿ ರಾಶಿ ಬಿದ್ದಿದೆ, ಈಗಲೇ ಇಳಿಸ್ತೀನಿ.”

“ಯಾರದದು?”

“ಕಂಪನೀದು.”

“ಕಂಪನಿಯವರು ಕೊಟ್ರಾ?”

“ಇಲ್ಲ, ಯಾರೋ ಪುಣ್ಯಾತ್ಮ...”

“ಅಂಥ ಪುಣ್ಯಾತ್ಮರನ್ನ ರೈಲಿನ ಪಾಯಿಖಾನೆಯಿಂದ ಎಳೆದೂ ಎಳೆದೂ ನನ್ನ ಭುಜ ಹೋಗಿದ್ದು.”

ಎಮ್ಯುಲೇಟರಿನ ಕೈಪಿಡಿಯನ್ನು ನನ್ನಿಂದ ಗಟ್ಟಿಯಾಗಿ ಓದಿಸಿದರು. ಅದೂ ಅವರ ಪಕ್ಷವೇ: ಫರ್ಮ್‌ವೇರ್ ಕಂಪನಿಯ ಸ್ವತ್ತು, ನಾವು ಕೊಡುವಂತಿಲ್ಲ, ನಿಮ್ಮ ಸ್ವಂತ ಕನ್ಸೋಲಿನಿಂದ ತೆಗೆದುಕೊಳ್ಳಿ, ಅದಕ್ಕೂ ನಿಮ್ಮ ಕಡೆಯ ಕಾನೂನು ಒಪ್ಪುತ್ತದೆಯೇ ವಿಚಾರಿಸಿ. ಮಾವ ಪರಿಚಯದ ವಕೀಲರ ತಲೆ ತಿಂದು, “ಸ್ವಂತಕ್ಕಾದ್ರೆ ಆಡಿ, ಯಾರಿಗೂ ಹಂಚಬೇಡಿ, ದಯವಿಟ್ಟು ಫೋನ್ ಇಡಿ,” ಎನ್ನಿಸಿಕೊಂಡ ಮೇಲೆಯೇ ಚಪ್ಪಲಿ ಮೆಟ್ಟಿದ್ದು.

ರಿಪೇರಿ ಅಂಗಡಿಯಾಕೆ ಕನ್ಸೋಲ್ ಬಿಚ್ಚಿ, ಒಳಗಿನ ಚಿಪ್‌ಗೆ ತಂತಿ ಸಿಕ್ಕಿಸಿ, ಫೈಲನ್ನು ಪೆನ್‌ಡ್ರೈವಿಗೆ ಇಳಿಸಿಕೊಟ್ಟಳು.

“ಡಬ್ಬ ಇಲ್ಲೇ ಬಿಡಿ ಸರ್, ಗುಜರಿಗೆ ಹಾಕ್ತೀನಿ.”

ಮಾವ ಅದನ್ನು ಎದೆಗವಚಿಕೊಂಡು ಹೊರಗೆ ನಡೆದೇಬಿಟ್ಟರು.

ಭಾನುವಾರ ನಮ್ಮ ಮನೆಗೆ ಬಂದವರೇ ಆ ಮುರುಕನ್ನು ಚೀಲದಿಂದ ತೆಗೆದು, ಕಂಪ್ಯೂಟರಿನ ಪಕ್ಕದ ಕುರ್ಚಿಯ ಮೇಲೆ ಕೂರಿಸಿದರು. ನಾನು ನಿಂತೇ ಇರಬೇಕೆಂದು ತೀರ್ಮಾನವಾಯಿತು. ಕೂರುವ ವಿಷಯದಲ್ಲಿ ನನ್ನ ಮೇಲೆ ಯಾರಿಗೂ ನಂಬಿಕೆ ಉಳಿದಿರಲಿಲ್ಲ.

ರೇಸ್ ಶುರುವಾಯಿತು. ಅಮ್ಮನೇ ಮುಂದೆ. ಕೊನೆಯ ತಿರುವಿನಲ್ಲಿ ಆಕೆಯ ಕಾರು ಗೋಡೆ ಸವರಿತು. ಮಾವನ ಕಾರು ಕೂದಲೆಳೆಯ ಅಂತರದಲ್ಲಿ ಗೆರೆ ದಾಟಿತು.

ಅಮ್ಮ ಜಾಯ್‌ಸ್ಟಿಕ್ ಕೆಳಗಿಟ್ಟಳು. “ಇದು ಲೆಕ್ಕಕ್ಕಿಲ್ಲ ಕಣೋ. ಕಳ್ಳ ಗೇಮು!”

ಮಾವ ಪಕ್ಕದ ಕುರ್ಚಿಯತ್ತ ಕೈ ತೋರಿಸಿದರು.

“ಅದೇ ಕೇಳ್ತಿದೀನಿ, ಆ ಸತ್ತ ಡಬ್ಬ ಯಾಕೋ ಹೊತ್ಕೊಂಡು ಬಂದೆ?”

“ಟಿಕೆಟ್ ಅದರ ಹೆಸರಲ್ಲಿದೆ, ಅಕ್ಕ.”